ಮಾಜಿ ಎಂಬ ಎರಡಕ್ಷರ

ಮಾನ್ಯ ಅಧ್ಯಕ್ಷರೇ, ನನ್ನಿಂದ ಪಾಠ ಕಲಿತು ಆ ಪಾಠವನ್ನು ನನ್ನ ಮುಖದ ಮೇಲೆಯೇ ಒಪ್ಪಿಸಿದ ಮುಖ್ಯ ಅತಿಥಿಗಳೇ, ಬಾಕ್ಸಿಂಗ್ ಕ್ಲಬ್ಬಿನ ಕಾರ್ಯದರ್ಶಿಗಳೇ, ಮೊದಲ ಸಾಲಿನಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ದುರುಗುಟ್ಟುತ್ತಿರುವ ಧರ್ಮಪತ್ನಿಯವರೇ, ಹೊರಗೆ ತಿಂಡಿ ತಣ್ಣಗಾಗುತ್ತಿದೆ ಎಂದು ಗೊತ್ತಿದ್ದೂ ಕೂತಿರುವ ತಾಳ್ಮೆಯ ಸಭಿಕರೇ,

ಮೊದಲಿಗೆ ಒಂದು ತಪ್ಪೊಪ್ಪಿಗೆ. ಈ ಸಭಾಂಗಣದಲ್ಲಿ ಇಂದು ಕಳ್ಳತನವಾಗಿದೆ. ಕಳ್ಳ ನಾನೇ.

ನನ್ನ ಹಿಂದಿನ ಪರದೆಯನ್ನು ನೋಡಿ. ‘ಚಾಂಪಿಯನ್ನರಿಗೆ ವಿದಾಯ ಸನ್ಮಾನ’ ಎಂದಿದೆ. ಅದರ ಎಡಕ್ಕೆ, ಹಲ್ಲು ಬಿದ್ದ ಬಾಯಿಯಂತೆ ಒಂದು ಖಾಲಿ ಜಾಗ ಕಾಣುತ್ತದಲ್ಲ, ಅಲ್ಲಿ ಮಧ್ಯಾಹ್ನ ಮೂರು ಗಂಟೆಯವರೆಗೆ ‘ಮಾಜಿ’ ಎಂಬ ಎರಡು ಥರ್ಮೊಕೋಲ್ ಅಕ್ಷರಗಳಿದ್ದವು. ಕಾರ್ಯದರ್ಶಿಗಳು ಆಗಿನಿಂದ ಅಲಂಕಾರದವನನ್ನು ಬೈಯುತ್ತಿದ್ದಾರೆ. ಪಾಪ, ಅವನು ನಿರಪರಾಧಿ. ಮಾಲು ನನ್ನ ಕೋಟಿನ ಬಲಜೇಬಿನಲ್ಲಿದೆ, ಗುಂಡುಪಿನ್ನುಗಳ ಸಮೇತ. ಸನ್ಮಾನದ ಫಲಕವನ್ನು ನಾನು ಎಡಗೈಯಲ್ಲಿ ತೆಗೆದುಕೊಂಡಾಗ ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು. ಅಗೌರವವೆಂದು ತಿಳಿಯಬಾರದು ಸಾರ್, ಬಲಗೈ ಜೇಬಿನೊಳಗೆ ಕಾವಲಿದೆ. ‘ವಿದಾಯ’ವನ್ನೂ ಕೀಳುವ ಆಲೋಚನೆಯಿತ್ತು. ಅನಿವಾರ್ಯ ಕಾರಣಗಳಿಂದ ಕಾಮಗಾರಿ ಅರ್ಧಕ್ಕೇ ನಿಂತಿತು.

ಯಾಕೆ ಕದ್ದೆ? ಮಾಜಿ ಎಂದರೇನು ಸ್ವಾಮಿ? ಮಾಜಿ ಮಂತ್ರಿಗೆ ಹಿಂಬಾಲಕರಾದರೂ ನಾಲ್ಕು ಜನ ಉಳಿದಿರುತ್ತಾರೆ. ಮಾಜಿ ಅಳಿಯನನ್ನು ಎಲ್ಲಾದರೂ ವೇದಿಕೆಗೆ ಕರೆದು ಸನ್ಮಾನಿಸಿದ್ದುಂಟೆ?

ನನ್ನನ್ನು ‘ಗೋಡೆ’ ಎಂದು ಕರೆದವರು ನೀವು. ಇಪ್ಪತ್ತೆರಡು ವರ್ಷ ಯಾರ ಹೊಡೆತಕ್ಕೂ ನೆಲ ಮುಟ್ಟಲಿಲ್ಲವೆಂದು ಕರೆದಿರಿ. ಗೋಡೆಗೂ ಕಿವಿಯುಂಟು ಎನ್ನುತ್ತಾರೆ. ಈ ಗೋಡೆಗೆ ಈಗ ಒಂದೇ ಕಿವಿ ಕೇಳಿಸುವುದು. ಹೆಂಡತಿ ಯಾವ ಪಕ್ಕ ಕೂತಿದ್ದಾಳೆ ಎಂಬುದರ ಮೇಲೆ ಸಂಸಾರದ ಶಾಂತಿ ನಿಂತಿದೆ. ಇರಲಿ. ಮೂರು ವರ್ಷದ ಹಿಂದೆ ಪಟ್ಟ ಹೋಯಿತು, ನಿಜ. ಹೇಗೆ ಹೋಯಿತು? ಬಿದ್ದೆನೆ? ಇಲ್ಲ. ಅಂಕಗಳಲ್ಲಿ ಸೋತೆ. ಶಾಲೆಯಲ್ಲೂ ನಾನು ಸೋತದ್ದು ಅಂಕಗಳಲ್ಲೇ. ಆಗ ಯಾರೂ ನನ್ನನ್ನು ಮಾಜಿ ವಿದ್ಯಾರ್ಥಿ ಎನ್ನಲಿಲ್ಲ, ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸಿದರು!

ಗೆದ್ದವನು ಇಲ್ಲೇ ಕೂತಿದ್ದಾನೆ, ಇಂದಿನ ಮುಖ್ಯ ಅತಿಥಿ, ನೀವು ‘ಮಿಂಚು’ ಎಂದು ಕರೆಯುವ ನನ್ನ ಶಿಷ್ಯ. ಅಂದು ಗೆದ್ದವನೇ ನನ್ನ ಹತ್ತಿರ ಬಂದು, "ಅಣ್ಣಾ, ನೋವಾಯ್ತಾ?" ಎಂದ. ಹನ್ನೆರಡು ಸುತ್ತಿನ ಹೊಡೆತ ತಡೆದುಕೊಂಡೆ ಸ್ವಾಮಿ, ಆ ಒಂದು ಪ್ರಶ್ನೆ ತಡೆದುಕೊಳ್ಳಲಾಗಲಿಲ್ಲ.

ಆಮೇಲೆ ನಾನೇನು ಸುಮ್ಮನೆ ಕೂತೆನೆ? ಐದು ಪಂದ್ಯ ಆಡಿದೆ. ಒಂದು, ಕಾರು ನಿಲ್ಲಿಸುವ ಬಯಲಿನಲ್ಲಿ. ಮಧ್ಯೆ ಎರಡು ಸಲ ಪಂದ್ಯ ನಿಲ್ಲಿಸಿ ಕಾರುಗಳಿಗೆ ದಾರಿ ಬಿಟ್ಟೆವು. ಇನ್ನೊಂದು, ಹಾಸಿಗೆ ಅಂಗಡಿಯ ಉದ್ಘಾಟನೆಗೆ. ಅಂಗಡಿಯವನು ಕಿವಿಯಲ್ಲಿ, "ಸಾರ್, ಬಿದ್ರೆ ನಮ್ಮ ಹಾಸಿಗೆ ಮೇಲೇ ಬೀಳಿ, ಫೋಟೊ ಚೆನ್ನಾಗಿ ಬರತ್ತೆ" ಎಂದ. ಬೀಳಲಿಲ್ಲ. ನಾನು ಗೆದ್ದದ್ದಕ್ಕೆ ಅವನು ಮುಖ ಸಿಂಡರಿಸಿಕೊಂಡ.

ನಮ್ಮ ಗುರುಗಳು ಹೇಳುತ್ತಿದ್ದರು: "ಬೀಳೋದು ತಪ್ಪಲ್ಲ ಕಣೋ, ರೆಫರಿ ಹತ್ತರವರೆಗೆ ಎಣಿಸೋ ಎಣಿಕೆ ಮರೆಯೋದು ತಪ್ಪು. ಎಂಟಕ್ಕೆ ಎದ್ದೋನು ಜಾಣ. ಒಂಬತ್ತಕ್ಕೆ ಎದ್ದೋನು ಹುಂಬ. ಹತ್ತಾದ್ರೂ ಏಳದೋನು ಗ್ಲೌಸ್ ಬಿಚ್ಚಿಟ್ಟು ಮನೆಗೆ ಹೋಗಿ ಹೆಂಡ್ತಿ ಹೇಳಿದ ಕೆಲಸ ಮಾಡ್ಲಿ." ಈ ಸೂತ್ರವನ್ನು ನಮ್ಮವಳು ಮನೆಗೂ ತಂದಿದ್ದಾಳೆ. ದಿನಾ ಬೆಳಿಗ್ಗೆ ಮಂಚದ ಪಕ್ಕ ನಿಂತು, "ಏಳ್ತೀರೋ, ಎಣಿಸ್ಲೋ?" ಎನ್ನುತ್ತಾಳೆ. ಇಂದಿನವರೆಗೂ ಎಂಟು ದಾಟಲು ಬಿಟ್ಟಿಲ್ಲ!

ಇಂದು ಈ ಕೋಟಿಗೆ ಇಸ್ತ್ರಿ ಹಾಕಿಕೊಟ್ಟವಳೂ ಅವಳೇ. ಜೊತೆಗೆ ಒಂದು ಚೀಟಿ ಬರೆದುಕೊಟ್ಟಿದ್ದಾಳೆ. "ಇದಿಷ್ಟನ್ನೇ ಓದಿ ಇಳಿದು ಬನ್ನಿ. ನಿಮ್ಮ ಸ್ವಂತದ ಒಂದು ಮಾತೂ ಬೇಡ" ಎಂದಿದ್ದಾಳೆ. ಚೀಟಿಯಲ್ಲಿ ‘ಇನ್ನು ಪಂದ್ಯ ಆಡುವುದಿಲ್ಲ’ ಎಂದಿದೆ. ಅದೂ ಬಲಜೇಬಿನಲ್ಲೇ ಇರುವುದರಿಂದ ಓದಲಾಗುತ್ತಿಲ್ಲ, ದಯವಿಟ್ಟು ಕ್ಷಮಿಸಬೇಕು. ಅವಳಿಗೆ ಒಂದೇ ಹೆದರಿಕೆ. ಕಳೆದ ಪಂದ್ಯದ ಮರುದಿನ ನಾನು ಮಗಳನ್ನು ಕರೆಯಲು ಹೋಗಿ, ಹೆಸರು ನೆನಪಾಗದೆ ಅರ್ಧ ನಿಮಿಷ ಬಾಯಿ ತೆರೆದು ನಿಂತಿದ್ದೆನಂತೆ. ಅರ್ಧ ನಿಮಿಷ! ಅಷ್ಟಕ್ಕೆ ಇಷ್ಟು ರಂಪವೆ? ಹೆಸರು ಕೊನೆಗೆ ನೆನಪಾಯಿತಲ್ಲ? ಆಯಿತು ಅಂದುಕೊಂಡಿದ್ದೇನೆ. ನಾನು ಕರೆದದ್ದು ನನ್ನ ತಂಗಿಯ ಹೆಸರಂತೆ. ಅದೂ ಮನೆಯವರದೇ ಹೆಸರಲ್ಲವೆ?

ಆದ್ದರಿಂದ ಸಭಿಕರೇ, ಈ ವಿದಾಯವನ್ನು ನಾನು ತಿರಸ್ಕರಿಸುತ್ತೇನೆ. ಫಲಕ ಇಟ್ಟುಕೊಳ್ಳುತ್ತೇನೆ. ಹುಟ್ಟಿ ನಲವತ್ತನಾಲ್ಕು ವರ್ಷವಾದರೂ ಹೊಡೆತಕ್ಕೆ ನೆಲ ಕಾಣದ ಬೆನ್ನು ಇದು. ಏ ಮಿಂಚು, ಮೈಕಿನಲ್ಲೇ ಕರೆಯುತ್ತಿದ್ದೇನೆ, ಮುಂದಿನ ತಿಂಗಳು ಹದಿನೈದಕ್ಕೆ ನನ್ನೆದುರು ನಿಲ್ಲುತ್ತೀಯಾ? ಧೈರ್ಯವಿದ್ದರೆ ಎದ್ದು ಬಾ, ಈ ಸಭೆಯ ಎದುರೇ ಕೈ ಕೊಡು!

ಚಪ್ಪಾಳೆ ಸಾಕು, ಸಾಕು. ಅವನು ಸುಮ್ಮನೆ ಕೂರುತ್ತಾನೆ, ಹಿರಿಯರೆಂದರೆ ಗೌರವ... ಅರೆ! ಎದ್ದೇಬಿಟ್ಟನಲ್ಲ. ಬೇಡಪ್ಪಾ, ಅಲ್ಲಿಂದಲೇ ಹೇಳು. ಬಂದೇಬಿಟ್ಟ. ನಗುನಗುತ್ತಾ ಬಲಗೈ ಚಾಚಿ ನಿಂತಿದ್ದಾನೆ. ಎಡಗೈ ಆಗುತ್ತದೇನೋ? ಆಗುವುದಿಲ್ಲವಂತೆ, ಸಭೆಯ ಮರ್ಯಾದೆಯಂತೆ. ಇದನ್ನೂ ನಾನೇ ಕಲಿಸಿದ್ದು.

ಸಭಿಕರೇ, ತಪ್ಪೊಪ್ಪಿಗೆಯಲ್ಲಿ ಸ್ವಲ್ಪ ಬಾಕಿ ಉಳಿದಿತ್ತು.

ಮಧ್ಯಾಹ್ನ ಆ ಅಕ್ಷರ ಕೀಳಲು ನಾನು ಪ್ಲಾಸ್ಟಿಕ್ ಕುರ್ಚಿ ಹತ್ತಿದೆ. ‘ಮಾ’ ಬಂತು. ‘ಜಿ’ ಬಂತು. ‘ವಿ’ಗೆ ಕೈ ಚಾಚಿದೆ, ಕುರ್ಚಿಯ ಕಾಲು ಅಗಲವಾಯಿತು. ಬಿದ್ದೆ. ಇದೇ ವೇದಿಕೆಯ ಮೇಲೆ, ಈಗ ಅಧ್ಯಕ್ಷರು ಕೂತಿರುವ ಜಾಗದಲ್ಲೇ, ಅಂಗಾತ. ಅಭ್ಯಾಸಬಲ ನೋಡಿ, ಎಣಿಸತೊಡಗಿದೆ. ಎಂಟಕ್ಕೆ ಏಳೋಣವೆಂದುಕೊಂಡೆ, ಆಗಲಿಲ್ಲ. ಒಂಬತ್ತಕ್ಕೆ ಹುಂಬನಾಗೋಣವೆಂದುಕೊಂಡೆ, ಅದೂ ಆಗಲಿಲ್ಲ. ಹತ್ತು ಎಂದೆ. ಯಾರೂ ತಡೆಯಲಿಲ್ಲವಾದ್ದರಿಂದ ಇಪ್ಪತ್ತಾರರವರೆಗೆ ಎಣಿಸಿದೆ. ಕಸ ಗುಡಿಸುತ್ತಿದ್ದ ಹೆಂಗಸು ಪೊರಕೆ ಬಿಸಾಕಿ ಓಡಿಬಂದು, "ಅಯ್ಯೋ ಅಣ್ಣಾ, ಯಾರು ಹೊಡೆದ್ರು?" ಎಂದಳು. "ಯಾರೂ ಇಲ್ಲಮ್ಮ" ಎಂದೆ. ಅವಳು ನಂಬಲಿಲ್ಲ. ಬಾಗಿಲ ಬಳಿ ನಿಂತಿದ್ದಾಳೆ, ಬೇಕಾದರೆ ಕೇಳಿ. ಎತ್ತಿ ಕೂರಿಸಿದವಳು, ಈ ಕೈಯನ್ನು ಜೇಬಿನೊಳಗೆ ಇಟ್ಟುಕೊಟ್ಟವಳು ಅವಳೇ. ಅದು ಕಾವಲಿಲ್ಲ ಸ್ವಾಮಿ. ಹೊರಗೆ ಬರುತ್ತಿಲ್ಲ. ನಾನು ಕೈ ಕೊಡು ಎಂದದ್ದು ಮಿಂಚುವಿಗೆ. ಕೈಯೇ ಮೊದಲು ಕೈ ಕೊಟ್ಟಿದೆ.

ಲೇ ಇವಳೇ, ಎಣಿಸಬೇಡ, ಮೇಲೆ ಬಾ. ಜೇಬಿನಲ್ಲಿ ಮೆಲ್ಲಗೆ ಕೈ ಹಾಕು, ಪಿನ್ನುಗಳಿವೆ. ಆ ಚೀಟಿ ತೆಗೆದು ನೀನೇ ಓದಿಬಿಡು. ಅಕ್ಷರಗಳನ್ನು ಅಲಂಕಾರದವನಿಗೆ ಕೊಡು, ಅಂಟಿಸಲಿ. ಹತ್ತುವವನಿಗೆ ಬೇರೆ ಕುರ್ಚಿ ಕೊಡಿ.

ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ. ಸದ್ಯಕ್ಕೆ ಒಂದೇ ಕೈಯ ನಮಸ್ಕಾರ.