ಶಿವಣ್ಣೋರ ಮನೆ ನೀರು

...ಅದ್ರರ್ಥ ದಾರ ಕಟ್ಟೋದಲ್ಲ ಕಣೇ, ನಿನ್ ಇಂಗ್ಲಿಷ್ ಪುಸ್ತಕದಲ್ಲಿರೋ ಆ 'ಸ್ಟ್ರಿಂಗ್ಸ್ ಅಟ್ಯಾಚ್ಡ್'. ಕೊಡೋವಾಗ ಸುಮ್ನೆ ಕೊಟ್ಟಂಗಿರುತ್ತೆ, ಆಮೇಲೆ ಹಂಗಿನಲ್ಲಿ ಇಟ್ಕೋತಾರಲ್ಲ, ಅದಕ್ಕನ್ನೋದು. ಈ ಅಜ್ಜಿಗೆ ಹೆಂಗ್ ಗೊತ್ತು ಅಂತೀಯಾ? ಅನುಭವಿಸಿದೀನಲ್ಲ! ಆಗ ನಾವು ಮರಳೂರಲ್ಲಿ ಬಾಡ್ಗೆಗಿದ್ವಿ, ನಿಮ್ ತಾತ ಹಿರೇಹಳ್ಳಿ ಫ್ಯಾಕ್ಟ್ರಿಗೆ ಹೋಗೋರು. ನಿಮ್ಮಪ್ಪ ಒಂದ್ವರ್ಷದ ಕೂಸು, ಅಲ್ಲಲ್ಲ, ಎಂಟೇ ತಿಂಗ್ಳು. ಬೇಸ್ಗೇಲಿ ನಲ್ಲಿ ನೀರೇ ನಿಂತೋಯ್ತು. ಪಕ್ಕದ್ಮನೆ ಶಿವಣ್ಣೋರು ತಾವಾಗೇ ಅವ್ರ ಬೋರ್‌ವೆಲ್ ಪೈಪ್ ಕಾಂಪೌಂಡ್ ಮೇಲಿಂದ ಎಸೆದ್ರು. "ಹಿಡ್ಕೊಳಮ್ಮ, ಕೂಸಿರೋ ಮನೆ. ನೀರಿಗೇನ್ ದುಡ್ ಕೇಳ್ತೀವಾ?" ದೇವ್ರಂಥ ಮನುಷ್ಯ ಅಂದ್ಕೊಂಡೆ.

ಎರಡ್ ತಿಂಗ್ಳು ಕುಡಿದ್ವಿ. ಒಂದಿನ ಶಿವಣ್ಣೋರು ಬಂದು ಬಾಗ್ಲಲ್ಲಿ ನಿಂತ್ರು. ಅವ್ರ ಆ ಕಡೆ ಮನೆ ಪುಟ್ತಾಯಮ್ಮಂದು. ಗಂಡ ಇರ್ಲಿಲ್ಲ, ಬಟ್ಟೆ ಹೊಲ್ದು ಬದುಕ್ತಿದ್ಲು. ಅವ್ಳ ಜಾಗ ಮೂರಡಿ ಒತ್ಕೊಂಡು ಇವ್ರು ಹೊಸಾ ಗೋಡೆ ಎಬ್ಸಿದ್ರು, ನಾನೇ ಕಣ್ಣಾರೆ ನೋಡಿದ್ದೆ. ಅವ್ಳು ದೂರು ಕೊಟ್ಟಿದ್ಲು. "ನಾಳೆ ಸರ್ವೆಯೋರು ಬರ್ತಾರಮ್ಮ. ನೀವು ಬಂದಾಗ್ಲಿಂದ ಗೋಡೆ ಅಲ್ಲೇ ಇತ್ತು ಅಂತ ಒಂದ್ಮಾತು ಹೇಳ್ಬುಡು. ನಾವೂ ನಿಮ್ಗೆ ಇಲ್ಲ ಅಂದಿಲ್ವಲ್ಲ." ಹಂಗಂದು ಪೈಪ್ ಕಡೆ ನೋಡಿದ್ರು. ಹೂಂ ಅಂದ್ರೆ ಆ ಹೆಂಗ್ಸಿನ ಮನೆ ಹಾಳು, ಊಹೂಂ ಅಂದ್ರೆ ಕೂಸಿಗೆ ನೀರಿಲ್ಲ. ನಿಮ್ ತಾತ? "ನಾನು ಶಿಫ್ಟಲ್ಲಿರ್ತೀನಿ, ನೀನೇ ನೋಡ್ಕೊ" ಅಂದ್ರು, ಹೊರಟೋದ್ರು!

ಮಾರ್ನೆ ದಿನ ಸರ್ವೆಯೋನು ಟೇಪ್ ಹಿಡ್ಕೊಂಡು ಕೇಳ್ದ, "ಏನಮ್ಮ, ಗೋಡೆ ಯಾವಾಗ ಕಟ್ಟಿದ್ದು?" ಈ ಕಡೆ ಶಿವಣ್ಣೋರು, ಆ ಕಡೆ ಪುಟ್ತಾಯಮ್ಮ, ಇಬ್ರೂ ನನ್ ಬಾಯ್ನೇ ನೋಡ್ತಾವ್ರೆ. "ನಂಗ್ ಗೊತ್ತಿಲ್ಲ ಸಾರ್" ಅಂದ್ಬುಟ್ಟೆ. ಪುಟ್ತಾಯಮ್ಮ ಮುಖ ತಿರುಗಿಸ್ಕೊಂಡು ಒಳಗೋದ್ಲು ಕಣೇ. ಅವ್ಳು ನಿಮ್ಮಪ್ಪಂಗೆ ಕುಲಾವಿ ಹೊಲ್ಕೊಟ್ಟಿದ್ಲು, ಅದ್ನ ಒಂದಿನಾನೂ ಎತ್ತಾಡಿರ್ಲಿಲ್ಲ. ಶಿವಣ್ಣೋರು ಸಿಡುಕಿದ್ರು, "ಇಷ್ಟಕ್ಕೇನಾ ನೀರ್ ಕೊಟ್ಟಿದ್ದು?"

ಮನೇಲಿ ಕೂರೋಕಾಗ್ಲಿಲ್ಲ. ಸರ್ವೆಯೋನು ಬೀದಿ ಕೊನೇಲಿ ಟೀ ಕುಡೀತಿದ್ದ. ಕೂಸ್ನ ಸೊಂಟಕ್ಕೇರಿಸ್ಕೊಂಡು ಓಡ್ದೆ. "ಸಾರ್, ಸುಳ್ಳು ಹೇಳ್ದೆ. ಯುಗಾದಿ ಆದ್ಮೇಲೆ ಕಟ್ಟಿದ್ದು, ಬರ್ಕೊಳಿ." ಆಮೇಲೆ ಗೋಡೇನೂ ಒಡೆಸಿದ್ರು, ಪೈಪೂ ಹೋಯ್ತು. ಮಳೆ ಹಿಡಿಯೋವರ್ಗೂ ಎರಡ್ ಬೀದಿ ಆಚೆಯಿಂದ ಕೊಡ ಹೊತ್ತೆ. ಪುಟ್ತಾಯಮ್ಮ ಮಾತ್ರ ಮತ್ತೆ ಮೊದ್ಲಿನಂಗೆ ಮಾತಾಡ್ಲೇ ಇಲ್ಲ. ಅದೊಂದು ಈಗ್ಲೂ ಚುಚ್ಚುತ್ತೆ. ನೋಡು ಮಗಾ, ಕಷ್ಟಕ್ಕೆ ಯಾರಾದ್ರೂ ಕೊಟ್ರೆ ಇಸ್ಕೊ, ಬೇಡ ಅನ್ಬೇಡ. ಇಸ್ಕೊಂಡಿದ್ನ ಮೈಮುರಿದು ದುಡಿದು ತೀರ್ಸು, ಸುಳ್ಳು ಹೇಳಿ ತೀರಿಸ್ಬೇಡ. ಅಷ್ಟೇ. ಏಳು, ಉಣ್ಣೋಗು.