ಕೊನೆಯ ಏಳು ನಿಮಿಷ

ಇದು ನನ್ನ ಚಿಕ್ಕಪ್ಪನ ಮಗಳಿಗೆ ಆದದ್ದು. ಅವಳು ಬಣ್ಣ ಕಟ್ಟಿ ಹೇಳುವವಳಲ್ಲ. ಮೈ ಸುಡುತ್ತಿದ್ದರೂ "ಸ್ವಲ್ಪ ಬೆಚ್ಚಗಿದೆ ಅಷ್ಟೇ" ಅನ್ನುವ ಪೈಕಿ.

ರಾತ್ರಿ ಹತ್ತೂವರೆ. ಕಾಲೇಜಿನಿಂದ ಮನೆಗೆ ಒಬ್ಬಳೇ ಬರುತ್ತಿದ್ದಳು. ವಿದ್ಯಾರ್ಥಿಗಳೇ ನಡೆಸುವ ಚಿತ್ರೋತ್ಸವಕ್ಕೆ ಬಂದ ಕಿರುಚಿತ್ರಗಳನ್ನು ಆರಿಸುವ ಕೆಲಸ ಅವಳದು, ಅವಳ ಗೆಳತಿಯದು. ಪೂರ್ತಿ ನೋಡಬೇಕೆಂಬುದು ನಿಯಮ. ಕೊನೆಯ ವಾರ ಕಣ್ಣು ಸೋತು, ಇಬ್ಬರೂ ಗುಟ್ಟಾಗಿ ಒಂದು ಒಪ್ಪಂದ ಮಾಡಿಕೊಂಡಿದ್ದರು: ನಾಲ್ಕು ನಿಮಿಷ ನೋಡುವುದು, ಹಿಡಿಸದಿದ್ದರೆ 'ಬೇಡ' ಎಂದು ಬರೆಯುವುದು. ಆ ರಾತ್ರಿ ಕೊನೆಗೆ ಬೇಡವಾದದ್ದು ಹನ್ನೊಂದು ನಿಮಿಷದ ಚಿತ್ರ. ತಾಯಿ ಹೊಲಿಗೆ ಯಂತ್ರ ತುಳಿಯುವುದನ್ನು ಮಗ ಹಿಂದಿನಿಂದ ತೆಗೆದಿದ್ದ. ಬರೀ ಬೆನ್ನು. ಬೆಳಿಗ್ಗೆ ಪಟ್ಟಿ ಗೋಡೆಗೆ ಅಂಟಿಸಿದರೆ ಮುಗಿಯಿತು.

ಮನೆಯ ದಾರಿಯಲ್ಲಿರುವ ಹಾಳು ಬಾವಿಯ ಹತ್ತಿರ ಸದ್ದು ಕೇಳಿತು. ಟಕಟಕಟಕ... ಟಕ್. ದಾರ ಸಿಕ್ಕಿಕೊಂಡು ಯಂತ್ರ ನಿಲ್ಲುತ್ತದಲ್ಲ, ಹಾಗೆ.

ಬಾವಿಕಟ್ಟೆಯ ಮೇಲೆ ಯಾರೋ ಕೂತಿದ್ದರು. ಬೆನ್ನು ಈ ಕಡೆ.

"ಪೂರ್ತಿ ನೋಡಿದ್ಯೇನಮ್ಮಾ?" ಪಿಸುಮಾತು.

"ಯಾ... ಯಾರು?"

"ಕೊನೇಲಿ ನನ್ನ ಮುಖ ಬರುತ್ತೆ. ನೋಡಿದ್ಯಾ?"

ಸುಳ್ಳು ತಾನಾಗಿ ಬಾಯಿಗೆ ಬಂತು. "ನೋಡಿದೆ."

"ಹೌದಾ... ಹೇಗಿದ್ದೀನಿ?"

ಕಟ್ಟೆಯ ಮೇಲಿನ ತಲೆ ನಿಧಾನವಾಗಿ ತಿರುಗತೊಡಗಿತು...

ಓಡಿದಳು. ಬಾವಿ ದಾಟದೆ ಮನೆಯಿಲ್ಲ; ಕಾಲೇಜಿಗೇ ಓಡಿದಳು.

"ಏನಮ್ಮಾ, ಮನೇಲಿ ಒಳಗೆ ಸೇರಿಸ್ಲಿಲ್ವಾ?" ಅಂದ ಕಾವಲುಗಾರ.

"ಚಿತ್ರ ನೋಡೋ ಕೋಣೆ ಕೀ ಕೊಡಿ ಅಣ್ಣಾ. ನೀವು ಬಾಗಿಲ ಹೊರಗೇ ನಿಂತಿರಿ."

ಬಾವಿಕಟ್ಟೆಯವಳು ಕೇಳಿದ್ದಕ್ಕೆ ಉತ್ತರವಿಲ್ಲದೆ ಆ ದಾರಿಯಲ್ಲಿ ಮತ್ತೆ ಹೋಗುವಂತಿರಲಿಲ್ಲ. ಚಿತ್ರ ಹಾಕಿದಳು. ಐದು, ಆರು, ಏಳು... ಬೆನ್ನು. ಹತ್ತನೆಯ ನಿಮಿಷಕ್ಕೆ ಯಂತ್ರ ನಿಂತಿತು. ಹೆಂಗಸು ತಿರುಗಿದಳು. ದಪ್ಪ ಕಪ್ಪು ಚೌಕಟ್ಟಿನ ಕನ್ನಡಕ, ನಾಚಿಕೆಯ ನಗು. "ಸಾಕು ನಿಲ್ಸೋ," ಅಂದಳು. ಅದೇ ದನಿ.

'ಬೇಡ' ಹೊಡೆದುಹಾಕಿ 'ಬೇಕು' ಎಂದು ಬರೆದಳು. ಬೆಳಗಾದ ಮೇಲೆ ಬಾವಿ ದಾಟುವಾಗ, ಆ ಕಡೆ ನೋಡದೆ, ಮೆಲ್ಲನೆ ಹೇಳಿದಳು: "ಚೆನ್ನಾಗಿದ್ದೀರಿ."

ಉತ್ಸವದ ದಿನ ತುಂಬಿದ ಸಭೆಯಲ್ಲಿ ಆ ಚಿತ್ರ ಓಡಿತು. ಹನ್ನೊಂದು ನಿಮಿಷವೂ ಬೆನ್ನೇ.

ಚಿತ್ರ ತೆಗೆದ ಹುಡುಗನನ್ನು ಮೂಲೆಗೆ ಕರೆದಳು. "ಅಮ್ಮನ ಮುಖ ಯಾಕೋ ಕತ್ತರಿಸಿದೆ?"

"ಮುಖ ತೆಗೀಲೇ ಇಲ್ಲ ಅಕ್ಕಾ. ಆಮೇಲೆ ತೆಗೆದು ಸೇರಿಸ್ತೀನಿ ಅಂತ ಅಮ್ಮನಿಗೆ ಹೇಳಿದ್ದೆ. ಅಷ್ಟರಲ್ಲಿ ಅವಳು..."

ಇವಳು ಕಂಡದ್ದನ್ನು ಹೇಳಿದಳು. ಹುಡುಗ ಅಂದ: "ಕನ್ನಡಕ... ಅವಳು ಹೋಗಿ ಮೂರು ದಿನಕ್ಕೆ ಅಂಗಡಿಯಿಂದ ಬಂತು."

ಕೇಳಿದಾಗ ನಾನೂ ನಕ್ಕವನೇ. ಆಮೇಲೆ ಆ ಹುಡುಗನ ಮನೆಗೆ ಹೋಗಿ ಕಣ್ಣಾರೆ ನೋಡಿದೆ. ನಡೆದದ್ದು ನಡೆದದ್ದೇ. ಕನ್ನಡಕ ಡಬ್ಬಿಯಲ್ಲಿದೆ. ದಪ್ಪ, ಕಪ್ಪು ಚೌಕಟ್ಟು. ಗಾಜಿಗೆ ಅಂಗಡಿಯವರು ಅಂಟಿಸಿದ ಚೀಟಿಯನ್ನು ಇನ್ನೂ ಯಾರೂ ಕಿತ್ತಿಲ್ಲ.