ಎರಡನೇ ಗೇಟ್‌ವೇಗೂ ಒಂದು ಕಾರ್ಡು

ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಮೊಳಕಾಲ್ಮೂರಿನ ಬಸ್ಸು ಹೊರಡಲು ಗುರುಗುಡುತ್ತಿತ್ತು. ಕಿಟಕಿಯ ಸೀಟಿನಲ್ಲಿ ರಜೆಗೆಂದು ಊರಿಗೆ ಹೊರಟ ಹನುಮಣ್ಣ. ಕೆಳಗೆ, ಬೇರೆ ಬಸ್ಸಿಗೆ ಕಾಯುತ್ತಿದ್ದ ನನ್ನ ಪಕ್ಕದಲ್ಲೇ, ಅವರ ಆಫೀಸಿನ ಫರ್ಜಾನಾ.

“ಆರ್ಡರ್ ಈಗ್ಲೇ ಕಳಿಸ್ಬೇಕು ಸರ್. ಆಫೀಸಿನ ನೆಟ್ ಕಾಯೋ ಸೆಕ್ಯೂರಿಟಿ ಗೇಟ್‌ವೇಗೆ ಯಾವ ನೆಟ್‌ವರ್ಕ್ ಕಾರ್ಡು ಹೇಳ್ಲಿ?”

“ನೂರು ಗಿಗಾಬಿಟ್‌ದು ಒಂದು ತರಿಸು. ಸ್ಪೀಡ್ ಬೇಕು.”

“ಒಂದೇ ಸಾಕಾ? ನಮ್ಮವು ಎರಡು ಗೇಟ್‌ವೇ ಅದಾವಲ್ಲ.”

“ಎರಡನೇದು ಸುಮ್ನೆ ಕೂತಿರ್ತೈತೆ ಕಣಮ್ಮ. ಮೊದಲನೇದು ಕೆಟ್ರೆ ಮಾತ್ರ ಅದಕ್ಕೆ ಕೆಲಸ.”

“ಕೆಟ್ಟ ದಿನ ಅದರಾಗೆ ಕಾರ್ಡೇ ಇಲ್ದಿದ್ರೆ ಕೇಬಲ್ ಎಲ್ಲಿಗೆ ಹಾಕ್ಲಿ?”

ಹನುಮಣ್ಣ ವಾಚು ನೋಡಿಕೊಂಡರು. “ಏನು ಮಾಡಣ ಅಂತೀಯಾ?”

“ಇಪ್ಪತ್ತೈದು ಗಿಗಾಬಿಟ್‌ವು ಎರಡು ತಗಳಣ. ಸ್ಪೀಡ್ ಕಮ್ಮಿ ಆದ್ರೂ ಒಂದು ಬಿದ್ರೆ ಇನ್ನೊಂದು ನಿಲ್ತೈತೆ.”

“ಸರಿ, ಕಳಿಸು. ಮೂರು ದಿನ ನಾನಿರಲ್ಲ, ಎಲ್ಲಾ ನೀನೇ ನೋಡ್ಕ.”

“ಹಂಗಾದ್ರೆ ಗೇಟ್‌ವೇ ಪಾಸ್‌ವರ್ಡ್ ಕೊಡ್ರಿ ಸರ್. ಎರಡು ವರ್ಷದಿಂದ ನಿಮಗೊಬ್ರಿಗೇ ಗೊತ್ತಿರೋದು.”

“ಅದ್ಯಾಕೆ ಈಗ?”

“ನೀವು ಇಲ್ದಾಗ ನಾನು ನಿಲ್ಲಬೇಕಲ್ಲ.”

ಹನುಮಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಯಿ ತೆರೆದರು. ಆಗಲೇ ನಾನು ಕಿವಿಗೊಟ್ಟು ನಿಂತಿರುವುದು ಅವರ ಕಣ್ಣಿಗೆ ಬಿತ್ತು.

“ಊರಿಗೆ ಹೋಗಿ ಫೋನ್ ಮಾಡ್ತೀನಿ ಬಿಡು.”

“ದೇವಸಮುದ್ರದಾಗೆ ನಿಮ್ಮನೆ ಹತ್ರ ಸಿಗ್ನಲ್ಲೇ ಸಿಗಲ್ಲ ಅಂತ ನೀವೇ ಅಂದಿದ್ರಿ.”

ಬಸ್ಸು ಹೊರಟೇಬಿಟ್ಟಿತು.

ಫರ್ಜಾನಾ ನನ್ನ ಕಡೆ ತಿರುಗಿದಳು. “ಒಂಚೂರು ಅತ್ಲಾಗೆ ನಿಂತಿದ್ರೆ ಆಗ್ತಿರ್ಲಿಲ್ವೇನ್ರಿ?” ಎಂದವಳೇ ತನ್ನ ಸ್ಕೂಟಿಯತ್ತ ನಡೆದಳು.